ಡ್ರಮ್ ತುಂಬ ಪಾಚಿ, ಚಮಚದಷ್ಟು ಎಣ್ಣೆ

ಹೋದ ವರ್ಷ ಆಷಾಢದಲ್ಲಿ ತೀರ್ಥಹಳ್ಳಿ ಹತ್ತಿರದ ಭಾವನ ಮನೆಗೆ ಹೋಗಿದ್ದೆ. ಅವರು ಮೆಟ್ಟಿಲಿಗೆ ಬ್ಲೀಚಿಂಗ್ ಪೌಡರ್ ಎರಚಿ ಕಡ್ಡಿ ಪೊರಕೆಯಲ್ಲಿ ಉಜ್ಜುತ್ತಿದ್ದರು. ಮಲೆನಾಡಿನಲ್ಲಿ ಮಳೆಗಾಲ ಅಂದರೆ ಇದೊಂದು ತಪ್ಪದ ಕೆಲಸ. ಮೆಟ್ಟಿಲು, ಬಾವಿಕಟ್ಟೆ, ಅಂಗಳ, ಎಲ್ಲಿ ನೋಡಿದರೂ ಹಸಿರು ಪಾಚಿ, ಕಾಲಿಟ್ಟರೆ ಜಾರುತ್ತದೆ. ಅದರ ಹಿಂದಿನ ವರ್ಷ ಅತ್ತೆ ಬಾವಿಕಟ್ಟೆ ಹತ್ತಿರ ಬಿದ್ದು ಕೈ ಮುರಿದುಕೊಂಡಿದ್ದರು, ಅವತ್ತಿನಿಂದ ಭಾವನಿಗೆ ಪಾಚಿ ಕಂಡರೆ ಆಗುವುದಿಲ್ಲ. ಪೊರಕೆ ಪಕ್ಕಕ್ಕಿಟ್ಟು ಸೊಂಟ ಹಿಡಿದುಕೊಂಡು ಕೇಳಿದರು: "ಈ ದರಿದ್ರ ಪಾಚಿಯಿಂದ ಡೀಸೆಲ್ ತೆಗೀತಾರಂತೆ, ಹೌದಾ ಮಾರಾಯಾ? ಹಂಗಿದ್ರೆ ನಾನು ಅಡಿಕೆ ಕಡಿದು ಇದನ್ನೇ ಬೆಳೀತೀನಿ."

ವಾಟ್ಸಾಪಿನಲ್ಲಿ ಅವರಿಗೊಂದು ವಿಡಿಯೋ ಬಂದಿತ್ತು. ಗಾಜಿನ ಕೊಳವೆಗಳಲ್ಲಿ ಹಸಿರು ನೀರು ಓಡುತ್ತಿದೆ, ಪಕ್ಕದಲ್ಲಿ ಬಿಳಿ ಕೋಟು ಹಾಕಿಕೊಂಡವರು ನಗುತ್ತಿದ್ದಾರೆ, ಕೆಳಗೆ ಎಕರೆಗೆ ಇಷ್ಟು ಸಾವಿರ ಲೀಟರ್ ಇಂಧನ ಅಂತ ದೊಡ್ಡ ಅಕ್ಷರ.

"ಹೌದು ಭಾವ, ಸುಳ್ಳಲ್ಲ, ಆದ್ರೆ…" ಅಂದೆ. ಆ 'ಆದ್ರೆ' ಮುಂದಿನದ್ದನ್ನು ಸರಿಯಾಗಿ ಹೇಳಲು ಬರಲಿಲ್ಲ. ಅದಕ್ಕೇ ಓದಿಕೊಂಡು, ಒಂದು ಡ್ರಮ್ಮಿನಲ್ಲಿ ಸ್ವತಃ ಮಾಡಿಯೂ ನೋಡಿ, ಈಗ ಬರೆಯುತ್ತಿದ್ದೇನೆ.

ಮೊದಲು ಪಾಚಿಯ ಪರವಾಗಿ ಮಾತಾಡೋಣ, ಯಾಕೆಂದರೆ ಅದು ನಿಜಕ್ಕೂ ಗಟ್ಟಿ ಜೀವ. ಇಂಧನಕ್ಕೆ ಬೆಳೆಸುವ ಪಾಚಿ ಒಂದೇ ಕೋಶದ್ದು. ಎಷ್ಟು ಚಿಕ್ಕದು ಅಂದರೆ ತಲೆಕೂದಲಿನ ಅಗಲಕ್ಕೆ ಹತ್ತು ಹದಿನೈದು ಕೋಶಗಳನ್ನು ಸಾಲಾಗಿ ನಿಲ್ಲಿಸಬಹುದು. ಇದಕ್ಕೆ ಬೇರಿಲ್ಲ, ಕಾಂಡವಿಲ್ಲ, ಎಲೆಯಿಲ್ಲ. ಅಡಿಕೆ ಮರ ಐದಾರು ವರ್ಷ ಬರೀ ಮೈ ಬೆಳೆಸಿಕೊಂಡು, ಗೊಬ್ಬರ ನೀರು ತಿಂದು, ಆಮೇಲೆ ನಿಧಾನಕ್ಕೆ ಕೊನೆ ಬಿಡುತ್ತದೆ. ಪಾಚಿಗೆ ಆ ಸಂಸಾರವೇ ಇಲ್ಲ. ಬಿಸಿಲು ಹಿಡಿದದ್ದೆಲ್ಲ ಇನ್ನೊಂದು ಪಾಚಿ ಮಾಡಲಿಕ್ಕೇ. ಎಲ್ಲ ಸರಿಯಿದ್ದರೆ ಒಂದು ದಿನದಲ್ಲಿ ಎರಡು ಪಟ್ಟಾಗುತ್ತದೆ. ಒಳ್ಳೆಯ ಹೊಲ ಬೇಡ, ಉಪ್ಪುನೀರಾದರೂ ನಡೆಯುವ ಜಾತಿಗಳಿವೆ.

ಇದರ ಒಳಗಿರುವ ಎಣ್ಣೆಯೂ ಹೊಸದೇನಲ್ಲ, ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆಯ ವಂಶದ್ದೇ. ಮೆಥನಾಲ್ ಮತ್ತು ಸ್ವಲ್ಪ ಕಾಸ್ಟಿಕ್ ಸೋಡಾ ಸೇರಿಸಿ ಬಿಸಿ ಮಾಡಿದರೆ ಎಣ್ಣೆಯ ಅಣು ಒಡೆದು, ಮೇಲೆ ಬಯೋಡೀಸೆಲ್, ಕೆಳಗೆ ಗ್ಲಿಸರಿನ್ ಆಗುತ್ತದೆ. ಹೊಂಗೆ ಎಣ್ಣೆಗೂ ಮಾಡುವುದು ಇದನ್ನೇ. ಇನ್ನೊಂದು ಮಾತು, ನಾವು ಬಂಕಿನಲ್ಲಿ ಹಾಕಿಸುವ ಪೆಟ್ರೋಲಿನ ಮೂಲವೂ ಹೆಚ್ಚುಕಡಿಮೆ ಪಾಚಿಯೇ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳಕ್ಕೆ ಬಿದ್ದ ಪಾಚಿ, ಸಣ್ಣ ಜೀವಿಗಳು ಮಣ್ಣಿನ ಕೆಳಗೆ ಹೂತು, ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ಕಚ್ಚಾ ತೈಲವಾದವು. ಹಾಗಾಗಿ ಪಾಚಿಯಿಂದ ಇಂಧನ ಬರುತ್ತದಾ ಅನ್ನುವುದು ಪ್ರಶ್ನೆಯೇ ಅಲ್ಲ. ಬರುತ್ತದೆ.

ವಿಡಿಯೋದಲ್ಲಿ ಬರುವ ದೊಡ್ಡ ದೊಡ್ಡ ಸಂಖ್ಯೆಗಳಿಗೂ ಒಂದು ಮೂಲವಿದೆ. 2007ರಲ್ಲಿ ನ್ಯೂಜಿಲೆಂಡಿನ ಮ್ಯಾಸಿ ವಿಶ್ವವಿದ್ಯಾಲಯದ ಯೂಸುಫ್ ಚಿಸ್ತಿ ಒಂದು ಲೇಖನದಲ್ಲಿ ಲೆಕ್ಕ ಹಾಕಿದ್ದರು. ತಾಳೆ ಬೆಳೆದರೆ ಹೆಕ್ಟೇರಿಗೆ ವರ್ಷಕ್ಕೆ 5,950 ಲೀಟರ್ ಎಣ್ಣೆ. ಶೇ. 30ರಷ್ಟು ಎಣ್ಣೆಯಿರುವ ಪಾಚಿ ಬೆಳೆದರೆ 58,700 ಲೀಟರ್. ಹತ್ತು ಪಟ್ಟು! ಆಗ ಕಚ್ಚಾ ತೈಲದ ಬೆಲೆ ಏರುತ್ತಾ ಇತ್ತು, 2008ರ ಜುಲೈನಲ್ಲಿ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿತು. ಆ ಹೊತ್ತಿನಲ್ಲಿ ಇಂಥ ಸಂಖ್ಯೆ ಕಣ್ಣಿಗೆ ಬಿದ್ದರೆ ದುಡ್ಡಿದ್ದವರು ಸುಮ್ನೆ ಕೂರುತ್ತಾರಾ? ಮಲೆನಾಡಿನವರಿಗೆ ಇದು ಹೇಳಬೇಕಾಗಿಲ್ಲ, ವೆನಿಲ್ಲಾ ಬಂದಾಗ ನಮ್ಮಲ್ಲೂ ಹೀಗೇ ಆಗಿತ್ತು. ಕಿಲೋಗೆ ಸಾವಿರಗಟ್ಟಲೆ ಅಂತ ಕೇಳಿ ಪ್ರತಿ ತೋಟದಲ್ಲೂ ಬಳ್ಳಿ ಹಬ್ಬಿಸಿದೆವು, ಬೆಲೆ ಬಿದ್ದ ಮೇಲೆ ಬಳ್ಳಿ ಕಿತ್ತೂ ಹಾಕಿದೆವು.

ಈಗ ನನ್ನ ಡ್ರಮ್ಮಿನ ಕಥೆ.

ಮಾರ್ಗಶಿರದ ಹೊತ್ತಿಗೆ, ಮಳೆಯೆಲ್ಲ ಮುಗಿದು ಒಳ್ಳೆ ಬಿಸಿಲು ಬೀಳುವಾಗ, ಭಾವನ ಮನೆಯ ಹಿಂದೆ 200 ಲೀಟರಿನ ನೀಲಿ ಡ್ರಮ್ ಒಂದನ್ನು ಮೇಲಿಂದ ಕತ್ತರಿಸಿ ಇಟ್ಟೆ. ಕೆರೆಯಿಂದ ಎರಡು ಕೊಡ ಹಸಿರು ನೀರು, ಉಳಿದದ್ದು ಬಾವಿ ನೀರು, ಗೋಬರ್ ಗ್ಯಾಸಿನ ಸ್ಲರಿ ಸೋಸಿದ್ದು ಒಂದು ಚೊಂಬು, ಒಂದು ಚಿಟಿಕೆ ಯೂರಿಯಾ. ಗಾಳಿ ಊದಲು ಮೀನಿನ ತೊಟ್ಟಿಗೆ ಹಾಕುವ ಐದು ವ್ಯಾಟಿನ ಪಂಪು. ವಾರದಲ್ಲಿ ನೀರು ಹಸಿರಾಯಿತು. ಹತ್ತನೇ ದಿನಕ್ಕೆ ಕೈ ಮುಳುಗಿಸಿದರೆ ಬೆರಳು ಕಾಣದಷ್ಟು ದಟ್ಟ. ನನಗೆ ಭಾರಿ ಖುಷಿ. ಎರಡು ದಿನ ಶಿವಮೊಗ್ಗಕ್ಕೆ ಹೋಗಿ ಬಂದು ನೋಡಿದರೆ ನೀರು ತಿಳಿಯಾಗಿದೆ, ತಳ ಕಾಣುತ್ತಿದೆ! ಯಾರಾದರೂ ಚೆಲ್ಲಿ ಹೊಸ ನೀರು ತುಂಬಿದರಾ ಅಂತ ಕೇಳಿದೆ, ಇಲ್ಲ. ಲೋಟದಲ್ಲಿ ತೆಗೆದು ಬೆಳಕಿಗೆ ಹಿಡಿದಾಗ ಗೊತ್ತಾಯಿತು. ಸಾಸಿವೆಗಿಂತ ಸಣ್ಣ ಹುಳಗಳು, ನೂರಾರು, ಪುಟುಪುಟು ಕುಣಿಯುತ್ತಿವೆ. ಕೆರೆ ನೀರಿನ ಜೊತೆ ಬಂದ ಈ ನೀರುಹುಳಗಳು ಎರಡು ದಿನದಲ್ಲಿ ನನ್ನ ಬೆಳೆಯನ್ನೆಲ್ಲ ಮೇಯ್ದಿದ್ದವು. ಗದ್ದೆಗೆ ಕಾಡುಹಂದಿ ನುಗ್ಗಿದ ಹಾಗೆ, ಇಲ್ಲಿ ಬೇಲಿ ಹಾಕಲಿಕ್ಕೂ ಆಗುವುದಿಲ್ಲ ಅಷ್ಟೇ.

ತೆರೆದ ಕೊಳದಲ್ಲಿ ಪಾಚಿ ಬೆಳೆದ ಎಲ್ಲರಿಗೂ ಇದೇ ತಲೆನೋವು. ತಿನ್ನುವ ಜೀವಿಗಳು ಬರುತ್ತವೆ, ಇಲ್ಲವೇ ನಾವು ಆರಿಸಿ ಹಾಕಿದ, ಎಣ್ಣೆ ಜಾಸ್ತಿ ಇರುವ ಜಾತಿಯನ್ನು ಊರಿನ ಕಾಡುಪಾಚಿ ಒತ್ತಿ ಹಾಕುತ್ತದೆ. ಮುಚ್ಚಿದ ಗಾಜಿನ ಕೊಳವೆಯಲ್ಲಿ ಬೆಳೆದರೆ ಈ ಕಾಟ ಕಡಿಮೆ. ಆದರೆ ಆ ಕೊಳವೆಗೆ ದುಡ್ಡು ಬೇಕು, ಬಿಸಿಲಿಗೆ ಕಾಯದ ಹಾಗೆ ತಂಪು ಮಾಡಬೇಕು, ಒಳಗೆ ತುಂಬಿಕೊಳ್ಳುವ ಆಮ್ಲಜನಕ ತೆಗೆಯಬೇಕು, ನೀರನ್ನು ಸದಾ ಪಂಪು ಮಾಡುತ್ತಲೇ ಇರಬೇಕು. ವಿಡಿಯೋದಲ್ಲಿ ಚಂದ ಕಾಣುವುದು ಅದೇ. ಡೀಸೆಲ್ಲಿನಂಥ ಅಗ್ಗದ ಮಾಲಿಗೆ ಗಾಜಿನ ಮನೆ ಕಟ್ಟಿಸಿ ಪೂರೈಸುವುದಿಲ್ಲ.

ಡ್ರಮ್ ತೊಳೆದು ಮತ್ತೆ ಶುರು ಮಾಡಿದೆ. ಈ ಸಲ ಕೆರೆ ನೀರನ್ನು ದಪ್ಪ ಬಟ್ಟೆಯಲ್ಲಿ ಮೂರು ಸಲ ಸೋಸಿ ಹಾಕಿ, ಮೇಲೆ ಸೊಳ್ಳೆ ಪರದೆ ಕಟ್ಟಿದೆ. ಇಪ್ಪತ್ತೈದು ದಿನಕ್ಕೆ ಒಳ್ಳೆ ಹಸಿರಾಯಿತು. ಕೊಯ್ಲಿಗೆ ಭಾವನೂ ಬಂದು ಕೂತರು.

ಅವರ ಹಳೇ ಪಂಚೆ ನಾಲ್ಕು ಮಡಿಕೆ ಮಾಡಿ ಕಟ್ಟಿ ಸೋಸಿದೆ. ಮೇಲೆ ಸುರಿದದ್ದು ಹಸಿರು ನೀರು, ಕೆಳಗೆ ಬಂದದ್ದೂ ಹಸಿರು ನೀರು! ಪಂಚೆ ಮಾತ್ರ ಹಸಿರಾಯಿತು. ಮೂರು ಸಲ ಸೋಸಿದಾಗ ಹುಳ ನಿಂತು ಪಾಚಿ ಮಾತ್ರ ಇಳಿದಿತ್ತಲ್ಲ, ಈಗ ಅದೇ ಉಪಕಾರ ತಿರುಗಿ ಬಡಿಯಿತು. ಕೋಶ ಅಷ್ಟು ಚಿಕ್ಕದು, ಪಂಚೆಯ ನೂಲಿನ ಸಂದಿ ಅದಕ್ಕೆ ಹೆದ್ದಾರಿ. ಕೊನೆಗೆ ಅತ್ತೆಯೇ ದಾರಿ ತೋರಿಸಿದರು, ಮಳೆಗಾಲದ ಕದಡು ನೀರಿಗೆ ಹಾಕುವ ಪಟಿಕ. ಅದನ್ನು ನೀರಲ್ಲಿ ತೇಯ್ದು ಹಾಕಿ ಕಲಕಿದಾಗ ಪಾಚಿ ಹಿಂಡು ಹಿಂಡಾಗಿ, ಒಡೆದ ಹಾಲಿನ ಗಷ್ಟದ ಹಾಗೆ ಕೂಡಿಕೊಂಡು, ಬೆಳಗಾಗುವುದರೊಳಗೆ ಕೆಳಗೆ ಕೂತಿತ್ತು. ಮೇಲಿನ ನೀರು ಬಸಿದು, ಉಳಿದ ಲೋಳೆಯನ್ನು ಪಂಚೆಯಲ್ಲಿ ಹಿಂಡಿ, ಅಡಿಕೆ ಹಾಳೆ ತಟ್ಟೆಯಲ್ಲಿ ಹರವಿ ಎರಡು ದಿನ ಒಣಗಿಸಿದೆ. ಹಳಸಿದ ಮೀನಿನ ವಾಸನೆ. ಬೆಕ್ಕು ಎರಡು ದಿನ ಅಲ್ಲೇ ಕಾವಲು ಕೂತಿತ್ತು.

ಒಣಗಿದ ಮೇಲೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿದರೆ 60 ಗ್ರಾಂ, ಅದರಲ್ಲಿ ಪಟಿಕವೂ ಸ್ವಲ್ಪ ಸೇರಿದೆ. ಅದರಿಂದ ಎಣ್ಣೆ ತೆಗೆಯುವ ಸಾಮಾನು ನನ್ನ ಹತ್ತಿರ ಇರಲಿಲ್ಲ, ಸುಮ್ನೆ ಧಾರಾಳವಾಗಿ ಶೇ. 20 ಎಣ್ಣೆ ಅಂತ ಹಿಡಿದೆ. 12 ಗ್ರಾಂ. ಅಂದರೆ 13 ಮಿಲಿಲೀಟರ್, ಒಂದು ದೊಡ್ಡ ಚಮಚ. ಲೀಟರಿಗೆ 50 ಕಿಲೋಮೀಟರ್ ಓಡುವ ಗಾಡಿಯಾದರೆ ಅದರಲ್ಲಿ 650 ಮೀಟರ್ ಹೋಗಬಹುದು. ಭಾವನ ಮನೆಯಿಂದ ಟಾರು ರಸ್ತೆಗೆ ಒಂದೂವರೆ ಕಿಲೋಮೀಟರ್, ಅರ್ಧ ದಾರಿಗೂ ಸಾಲುವುದಿಲ್ಲ.

ಇನ್ನು ಖರ್ಚು. ಐದು ವ್ಯಾಟಿನ ಪಂಪು ಇಪ್ಪತ್ತೈದು ದಿನ ಹಗಲು ರಾತ್ರಿ ಓಡಿದ್ದಕ್ಕೆ ಮೂರು ಯೂನಿಟ್ ಕರೆಂಟು. ಆ ಒಂದು ಚಮಚ ಎಣ್ಣೆಯಲ್ಲಿರುವ ಶಕ್ತಿಯನ್ನು ಯೂನಿಟ್ಟಿಗೆ ತಿರುಗಿಸಿದರೆ 0.12. ಇಪ್ಪತ್ತೈದು ಪಟ್ಟು ಸುರಿದು ಒಂದು ಪಟ್ಟು ತೆಗೆದ ಹಾಗಾಯಿತು.

ನನ್ನ ಡ್ರಮ್ ಆಟದ ಸಾಮಾನು, ಒಪ್ಪಿಕೊಳ್ಳುತ್ತೇನೆ. ಗೊತ್ತಿದ್ದವರು ಇದಕ್ಕಿಂತ ಎಷ್ಟೋ ಚೆನ್ನಾಗಿ ಮಾಡುತ್ತಾರೆ. ಅವರ ಕೊಳ 20-30 ಸೆಂಟಿಮೀಟರ್ ಆಳ, ಓಟದ ಟ್ರ್ಯಾಕಿನ ಆಕಾರ, ನೀರು ನಿಧಾನಕ್ಕೆ ಸುತ್ತುತ್ತಿರಲು ಒಂದು ಹುಟ್ಟುಚಕ್ರ. ಆದರೂ ಅಂಥ ಕೊಳದಲ್ಲಿ ಲೀಟರಿಗೆ ಸಿಗುವುದು ಅರ್ಧ ಗ್ರಾಂ ಪಾಚಿ. ದೂರದಿಂದ ಪಾಲಕ್ ಸಾರಿನ ಹಾಗೆ ಕಂಡರೂ ಅದು ಹೆಚ್ಚುಕಡಿಮೆ ಬರೀ ನೀರು. ಒಂದು ಕಿಲೋ ಒಣ ಪಾಚಿಗೆ 2,000 ಲೀಟರ್ ನೀರು ಸೋಸಬೇಕು. ಅದರಲ್ಲಿ ಕಾಲು ಭಾಗ ಎಣ್ಣೆ ಅಂತ ಹಿಡಿದರೂ ಒಂದು ಲೀಟರ್ ಎಣ್ಣೆಗೆ ಏಳು ಸಾವಿರ ಲೀಟರಿಗಿಂತ ಜಾಸ್ತಿ, ಅಂದರೆ ಒಂದು ದೊಡ್ಡ ಟ್ಯಾಂಕರಿನಷ್ಟು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದವರಿಗೆ ಅದು ಎಷ್ಟು ನೀರು ಅಂತ ಗೊತ್ತು. ಅಷ್ಟನ್ನೂ ಪಂಪು ಮಾಡಿ, ಕೂರಿಸಿ, ಡೈರಿಯಲ್ಲಿ ಕೆನೆ ತೆಗೆಯುವ ಯಂತ್ರದ ಹಾಗೆ ಗರಗರ ತಿರುಗಿಸಿ, ಸಿಕ್ಕಿದ್ದರಲ್ಲಿ ಒಂದು ಲೀಟರ್ ಎಣ್ಣೆ.

ಅಲ್ಲಿಗೂ ಮುಗಿಯಲಿಲ್ಲ. ಹೀಗೆ ತಿರುಗಿಸಿ ತೆಗೆದ ಮುದ್ದೆಯಲ್ಲೂ ಐದರಲ್ಲಿ ನಾಲ್ಕು ಪಾಲು ನೀರೇ. ಒಣಗಿಸಬೇಕು. ಅಡಿಕೆ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಬೆಳೆಯುವುದು ಒಂದು ಕಷ್ಟವಾದರೆ ಒಣಗಿಸುವುದು ಇನ್ನೊಂದು. ಕೊಯ್ಲಿನ ಹೊತ್ತಿಗೆ ಮೋಡ ಕಟ್ಟಿದರೆ ಇಡೀ ಮನೆಯ ಮುಖ ಸಣ್ಣಗಾಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಕಡಿಮೆ ಅಂದರೂ 0.63 ಯೂನಿಟ್ ಶಕ್ತಿ ಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಒಂದು ಕಿಲೋ ಒಣ ಪಾಚಿಗೆ ನಾಲ್ಕು ಲೀಟರ್ ನೀರು ಓಡಿಸಬೇಕು, ಎರಡೂವರೆ ಯೂನಿಟ್ ಆಯಿತು. ಆ ಒಂದು ಕಿಲೋದಲ್ಲಿ ಕಾಲು ಕಿಲೋ ಎಣ್ಣೆ ಇದ್ದರೆ ಅದರ ಶಕ್ತಿಯೂ ಹತ್ತಿರ ಹತ್ತಿರ ಎರಡೂವರೆ ಯೂನಿಟ್. ಅಲ್ಲಿಗೆ ಬಡ್ಡಿಗೆ ಅಸಲು ಸರಿಹೋಯಿತು. ಬಿಸಿಲಲ್ಲಿ ಒಣಗಿಸಬಹುದಲ್ಲ ಅಂದರೆ, ಬಹುದು. ಆದರೆ ಟನ್‌ಗಟ್ಟಲೆ ಲೋಳೆ ಹರವಲು ಎಷ್ಟು ದೊಡ್ಡ ಅಂಗಳ ಬೇಕು, ಅದು ಒಣಗುವ ಮೊದಲೇ ಕೊಳೆಯುವುದಿಲ್ಲವಾ?

ಒಣಗಿಸದೆ ಬಿಡುವ ದಾರಿಯೂ ಒಂದಿದೆ. ಒದ್ದೆ ಮುದ್ದೆಯನ್ನೇ 300-350 ಡಿಗ್ರಿ ಬಿಸಿಯಲ್ಲಿ, ಸುಮಾರು 200 ಬಾರ್ ಒತ್ತಡದಲ್ಲಿ ಬೇಯಿಸುವುದು. ಅಡುಗೆಮನೆ ಕುಕ್ಕರಿನ ಒಳಗಿನ ಒತ್ತಡದ ನೂರು ಪಟ್ಟು ಅಂದುಕೊಳ್ಳಿ. ಭೂಮಿ ಕೋಟ್ಯಂತರ ವರ್ಷಗಳಲ್ಲಿ ಮಾಡಿದ್ದನ್ನು ಅರ್ಧ ಮುಕ್ಕಾಲು ಗಂಟೆಯಲ್ಲಿ ಮಾಡುವ ಉಪಾಯ ಇದು, ಕಪ್ಪಗಿನ ಕಚ್ಚಾ ಎಣ್ಣೆ ಬರುತ್ತದೆ. ನನಗೆ ಇದರ ಮೇಲೆ ಉಳಿದವಕ್ಕಿಂತ ನಂಬಿಕೆ ಜಾಸ್ತಿ. ಆದರೆ ಅಂಥ ಪಾತ್ರೆ ಅಗ್ಗಕ್ಕೆ ಬರುವುದಿಲ್ಲ, ಬಂದ ಎಣ್ಣೆಯಲ್ಲಿ ಸಾರಜನಕ ಜಾಸ್ತಿ ಇರುವುದರಿಂದ ಮತ್ತೊಮ್ಮೆ ಶುದ್ಧ ಮಾಡಬೇಕು.

ಪಾಚಿಯ ಇನ್ನೊಂದು ಸ್ವಭಾವವಂತೂ ವಿಜ್ಞಾನಿಗಳನ್ನು ಹತ್ತಾರು ವರ್ಷ ಆಟವಾಡಿಸಿದೆ. ಗೊಬ್ಬರ ಚೆನ್ನಾಗಿ ಸಿಕ್ಕರೆ ಪಾಚಿ ಜೋರಾಗಿ ಬೆಳೆಯುತ್ತದೆ, ಆಗ ಎಣ್ಣೆ ಕಡಿಮೆ. ಗೊಬ್ಬರ ನಿಲ್ಲಿಸಿದರೆ, ಮುಖ್ಯವಾಗಿ ಸಾರಜನಕ ಸಿಗದಿದ್ದರೆ, ಹೊಸ ಕೋಶ ಕಟ್ಟಲು ಆಗುವುದಿಲ್ಲ. ಬಿಸಿಲು ಮಾತ್ರ ಬೀಳುತ್ತಲೇ ಇರುತ್ತದೆ. ಆಗ ಅದು ಮುಂದಿನ ಕಷ್ಟಕಾಲಕ್ಕೆ ಇರಲಿ ಅಂತ ಎಣ್ಣೆ ಕೂಡಿಡುತ್ತದೆ. ಮಳೆಗಾಲ ಬರುವ ಮೊದಲು ನಮ್ಮ ಮನೆಗಳಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಡಬ್ಬಿ ತುಂಬಿಸಿ ಅಟ್ಟಕ್ಕೆ ಏರಿಸುತ್ತಿದ್ದರಲ್ಲ, ಹಾಗೆ. ಆದರೆ ಹೀಗೆ ಹಸಿದ ಪಾಚಿ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಶೇ. 50 ಎಣ್ಣೆ ಅಂತ ಒಂದು ವರದಿ, ದಿನಕ್ಕೆ ಎರಡು ಪಟ್ಟು ಬೆಳವಣಿಗೆ ಅಂತ ಇನ್ನೊಂದು ವರದಿ, ಇವೆರಡನ್ನೂ ಗುಣಿಸಿ ಯಾರಾದರೂ ನಿಮಗೆ ಲೆಕ್ಕ ತೋರಿಸಿದರೆ ಎದ್ದು ಬನ್ನಿ. ಎರಡೂ ನಿಜ, ಒಟ್ಟಿಗೆ ನಿಜವಲ್ಲ.

ಈ ಗಂಟು ಬಿಡಿಸಲು ಕೈಹಾಕಿದವರು ಸಾಮಾನ್ಯರಲ್ಲ. ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ಇದಕ್ಕೆಂದೇ ಒಂದು ಕಾರ್ಯಕ್ರಮ ನಡೆಸಿ, ಎರಡೂವರೆ ಕೋಟಿ ಡಾಲರ್ ಖರ್ಚು ಮಾಡಿ, ಮೂರು ಸಾವಿರಕ್ಕೂ ಜಾಸ್ತಿ ಪಾಚಿ ತಳಿ ಕೂಡಿಸಿತು. ನ್ಯೂ ಮೆಕ್ಸಿಕೋದ ರೋಸ್‌ವೆಲ್ ಎಂಬಲ್ಲಿ ದೊಡ್ಡ ಕೊಳ ಕಟ್ಟಿದರು. ಒಳ್ಳೆ ದಿನಗಳಲ್ಲಿ ಚದರ ಮೀಟರಿಗೆ ದಿನಕ್ಕೆ 50 ಗ್ರಾಂವರೆಗೂ ಪಾಚಿ ಬಂತು, ಆದರೆ ಅಲ್ಲಿನ ಚಳಿಗೆ ವರ್ಷದ ಸರಾಸರಿ 10 ಗ್ರಾಂಗೆ ಇಳಿಯಿತು. ಪೆಟ್ರೋಲ್ ಅಗ್ಗವಾಯಿತು, ಕಾರ್ಯಕ್ರಮ ಮುಚ್ಚಿದರು. ಆಮೇಲೆ 2009ರಲ್ಲಿ ತೈಲ ಕಂಪನಿ ಎಕ್ಸಾನ್‌ಮೊಬಿಲ್ ಬಂತು, ಜೀನ್ ವಿಜ್ಞಾನಿ ಕ್ರೇಗ್ ವೆಂಟರ್ ಅವರ ಸಿಂಥೆಟಿಕ್ ಜೀನೋಮಿಕ್ಸ್ ಕಂಪನಿ ಜೊತೆ ಸೇರಿ 60 ಕೋಟಿ ಡಾಲರ್‌ವರೆಗೆ ಹಾಕುತ್ತೇವೆ ಅಂತ ಘೋಷಿಸಿತು. 2017ರಲ್ಲಿ ಅವರು ಒಂದು ಪಾಚಿಯ ಜೀನ್ ತಿದ್ದಿ, ಬೆಳವಣಿಗೆ ಅಷ್ಟಾಗಿ ಕುಗ್ಗದ ಹಾಗೆ ಎಣ್ಣೆಯನ್ನು ಶೇ. 20ರಿಂದ 40ಕ್ಕೂ ಮೇಲೆ ಏರಿಸಿದರು. ಅದು ಸಣ್ಣ ಸಾಧನೆಯಲ್ಲ, ಮೇಲೆ ಹೇಳಿದ ಗಂಟನ್ನೇ ಸ್ವಲ್ಪ ಸಡಿಲಿಸಿದ ಹಾಗೆ. 2025ಕ್ಕೆ ದಿನಕ್ಕೆ 10,000 ಬ್ಯಾರೆಲ್ ಮಾಡುವ ಶಕ್ತಿ ಬರುತ್ತದೆ ಅಂದರು. 2023ರ ಹೊತ್ತಿಗೆ ದುಡ್ಡು ಹಾಕುವುದನ್ನೇ ನಿಲ್ಲಿಸಿದರು. ಸೊಲಾಜೈಮ್ ಎಂಬ ಇನ್ನೊಂದು ಕಂಪನಿ ಅಮೆರಿಕದ ನೌಕಾಪಡೆಗೆ ಪಾಚಿ ಇಂಧನ ಕೊಟ್ಟಿತ್ತು, ಆಮೇಲೆ ಮುಖದ ಕ್ರೀಮಿಗೂ ಅಡುಗೆ ಎಣ್ಣೆಗೂ ತಿರುಗಿತು, ಹೆಸರು ಬದಲಿಸಿಕೊಂಡು 2017ರಲ್ಲಿ ದಿವಾಳಿಯಾಯಿತು. ಅವರದ್ದು ಬಿಸಿಲಿನ ಪಾಚಿಯೂ ಅಲ್ಲ, ಕತ್ತಲೆ ತೊಟ್ಟಿಯಲ್ಲಿ ಸಕ್ಕರೆ ತಿನ್ನಿಸಿ ಬೆಳೆಸಿದ್ದು.

ನಮ್ಮವರ ಒಂದು ಯೋಚನೆಯನ್ನೂ ಹೇಳಬೇಕು, ಅದು ನನಗೆ ತುಂಬ ಇಷ್ಟವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು 2009ರಲ್ಲಿ ಡಯಾಟಮ್ ಎಂಬ ಗಾಜಿನ ಚಿಪ್ಪಿನ ಪಾಚಿ ಬಗ್ಗೆ ಬರೆದರು. ಎಣ್ಣೆಗೋಸ್ಕರ ಪಾಚಿಯನ್ನು ಕೊಂದು ಹಿಂಡುವುದು ಯಾಕೆ, ಹಸುವಿನ ಹಾಲು ಕರೆದ ಹಾಗೆ ಜೀವಂತ ಡಯಾಟಮ್‌ನಿಂದ ಎಣ್ಣೆ ಕರೆಯಬಾರದಾ ಅಂತ. ಹಾಗಾದರೆ ಸೋಸುವುದು, ಒಣಗಿಸುವುದು ಎರಡೂ ತಪ್ಪುತ್ತದೆ. ಇನ್ನೂ ಬಂಕಿಗೆ ಬಂದಿಲ್ಲ, ಆದರೆ ಕಷ್ಟ ಎಲ್ಲಿದೆ ಅಂತ ಸರಿಯಾಗಿ ಹಿಡಿದ ಯೋಚನೆ.

ಇನ್ನು ಭಾವನ ಎರಡನೇ ಪ್ರಶ್ನೆ: "ನಮ್ಮಲ್ಲಿ ನೀರಿಗೇನು ಬರ? ಮಲೆನಾಡಿನಲ್ಲೇ ಮಾಡಬಹುದಲ್ಲ?"

ನೀರಿದೆ, ಅದೇ ತೊಂದರೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಪಾಚಿ ಕೊಳದ ಆಳ 25 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಆ ಮಳೆ ಅಂಥ ಕೊಳವನ್ನು ವರ್ಷಕ್ಕೆ ಇಪ್ಪತ್ತೆಂಟು ಸಲ ತುಂಬಿಸಿ ಹರಿಸುತ್ತದೆ. ಹುಲಿಕಲ್, ಮಾಸ್ತಿಕಟ್ಟೆ ಕಡೆ ಒಂದೇ ದಿನಕ್ಕೆ ಹತ್ತು ಸೆಂಟಿಮೀಟರ್ ಬೀಳುವುದು ದೊಡ್ಡ ಸುದ್ದಿಯೂ ಅಲ್ಲ, ನಿಮ್ಮ ಬೆಳೆ ಕೋಡಿ ಬಿದ್ದು ಹಳ್ಳಕ್ಕೆ ಹೋಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೂ ಇಲ್ಲ. ಬಯಲುಸೀಮೆಗೆ ಹೋದರೆ ಬಿಸಿಲಿದೆ, ನೀರಿಲ್ಲ. ದಿನಕ್ಕೆ ಐದು ಮಿಲಿಮೀಟರ್ ಆವಿಯಾದರೂ ಒಂದು ಹೆಕ್ಟೇರ್ ಕೊಳದಿಂದ 50,000 ಲೀಟರ್ ನೀರು ಹೋಯಿತು.

ಪಾಚಿಗೆ ಇಂಗಾಲದ ಡೈಆಕ್ಸೈಡೂ ಬೇಕು, ಒಂದು ಕಿಲೋ ಪಾಚಿಗೆ ಸುಮಾರು 1.8 ಕಿಲೋ. ಗಾಳಿಯಲ್ಲಿರುವುದು ಶೇ. 0.04 ಮಾತ್ರ, ಸಾಲುವುದಿಲ್ಲ. ಹಾಗಾಗಿ ಕೊಳವನ್ನು ಕಾರ್ಖಾನೆ ಚಿಮಣಿಯ ಪಕ್ಕ ಕಟ್ಟಿ ಹೊಗೆ ಊದುತ್ತಾರೆ. ನಮ್ಮ ಜಿಲ್ಲೆಯ ದೊಡ್ಡ ಕರೆಂಟು ಶರಾವತಿ ನೀರಿನಿಂದ ಬರುತ್ತದೆ, ಅದರಲ್ಲಿ ಹೊಗೆಯೇ ಇಲ್ಲ. ಹೊಗೆ ಬೇಕಾದರೆ ರಾಯಚೂರು, ಬಳ್ಳಾರಿ ಕಡೆಯ ಕಲ್ಲಿದ್ದಲ ಸ್ಥಾವರಗಳಿಗೆ ಹೋಗಬೇಕು.

ದೇಶದ ಮಟ್ಟದಲ್ಲಿ ಎಷ್ಟಾಗುತ್ತದೆ ಅಂತ ಒಂದು ಹಾಳೆಯ ಮೇಲೆ ಗೀಚಿ ನೋಡಿದೆ. ಭಾರತದಲ್ಲಿ ವರ್ಷಕ್ಕೆ ಸುಮಾರು 9 ಕೋಟಿ ಟನ್ ಡೀಸೆಲ್ ಸುಡುತ್ತೇವೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲಿ 2030ಕ್ಕೆ ಡೀಸೆಲ್ಲಿಗೆ ಶೇ. 5 ಬಯೋಡೀಸೆಲ್ ಬೆರೆಸಬೇಕು ಅಂತ ಗುರಿಯಿದೆ. ಅಷ್ಟನ್ನೂ ಪಾಚಿಯಿಂದಲೇ ಮಾಡಿದರೆ? 45 ಲಕ್ಷ ಟನ್ ಎಣ್ಣೆ. ಚದರ ಮೀಟರಿಗೆ ದಿನಕ್ಕೆ 20 ಗ್ರಾಂ, ವರ್ಷದಲ್ಲಿ 330 ದಿನ, ಕಾಲು ಭಾಗ ಎಣ್ಣೆ, ದಾರಿಯಲ್ಲಿ ಒಂದು ಹನಿಯೂ ನಷ್ಟವಿಲ್ಲ, ಹೀಗೆ ಎಲ್ಲವನ್ನೂ ಪಾಚಿಯ ಪರವಾಗಿ ಹಿಡಿದರೂ 2,700 ಚದರ ಕಿಲೋಮೀಟರ್ ಕೊಳ ಬೇಕು. ಶಿವಮೊಗ್ಗ ಜಿಲ್ಲೆಯ ಮೂರನೇ ಒಂದು ಭಾಗದ ಹತ್ತಿರ. ಲಿಂಗನಮಕ್ಕಿ ತುಂಬಿದಾಗ ನಿಲ್ಲುವ ನೀರಿನ ಒಂಬತ್ತು ಪಟ್ಟು ವಿಸ್ತಾರ. ಒಂದು ಲಿಂಗನಮಕ್ಕಿಗೆ ಎಷ್ಟು ಊರು ಮುಳುಗಿದವು ಅಂತ ಸಾಗರ, ಹೊಸನಗರದವರಿಗೆ ಗೊತ್ತು. ಅದರ ಮೇಲೆ 27 ಲಕ್ಷ ಟನ್ ಯೂರಿಯಾ. ಮಳೆ ಬಿದ್ದ ವಾರ ಸೊಸೈಟಿ ಮುಂದೆ ಯೂರಿಯಾ ಚೀಲಕ್ಕೆ ಸಾಲು ನಿಲ್ಲುವ ನಾವು ಇದನ್ನು ಎಲ್ಲಿಂದ ತರುವುದು? ಎಣ್ಣೆ ತೆಗೆದ ಹಿಂಡಿಯನ್ನು ಕೊಳೆಸಿ ಗೊಬ್ಬರವನ್ನು ಮತ್ತೆ ಕೊಳಕ್ಕೆ ಬಿಟ್ಟರೆ ಬಹಳಷ್ಟು ಉಳಿಸಬಹುದು, ಪೂರ್ತಿ ಉಳಿಯುವುದಿಲ್ಲ.

ಇಂಥ ಗುರಿಗಳ ಬಗ್ಗೆ ನನಗೆ ಸ್ವಲ್ಪ ಅನುಮಾನ ಇದ್ದೇ ಇದೆ. 2009ರ ನೀತಿಯಲ್ಲಿ 2017ಕ್ಕೆ ಶೇ. 20 ಜೈವಿಕ ಇಂಧನ ಅಂದಿದ್ದರು, ಎಲ್ಲರ ಬಾಯಲ್ಲೂ ಜಟ್ರೋಫಾ ಎಂಬ ಎಣ್ಣೆಬೀಜದ ಗಿಡ. ಬಯೋಡೀಸೆಲ್ ಶೇ. 1ನ್ನೂ ಮುಟ್ಟಲಿಲ್ಲ.

ಬಿಸಿಲಿನ ಲೆಕ್ಕ ಇನ್ನೂ ಕಹಿ. ಕರ್ನಾಟಕದಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು ಐದು ಯೂನಿಟ್ ಬಿಸಿಲು ಬೀಳುತ್ತದೆ. ಒಳ್ಳೆ ಪಾಚಿ ಕೊಳ ಅದರಲ್ಲಿ 0.12 ಯೂನಿಟ್ ಹಿಡಿಯುತ್ತದೆ, ಅದೂ ಇಡೀ ಪಾಚಿಯ ಲೆಕ್ಕ, ಎಣ್ಣೆ ಮಾತ್ರದ್ದಲ್ಲ. ಅದೇ ಜಾಗಕ್ಕೆ ಸೋಲಾರ್ ಪ್ಯಾನೆಲ್ ಹಾಕಿದರೆ ಒಂದು ಯೂನಿಟ್ಟಿನ ಹತ್ತಿರ ಕರೆಂಟು ಬರುತ್ತದೆ, ಎಂಟು ಪಟ್ಟು, ಗೊಬ್ಬರ ಬೇಡ, ಸೋಸುವುದು ಬೇಡ, ಹುಳ ತಿನ್ನುವುದಿಲ್ಲ. ಹಾಗಾಗಿ ಸ್ಕೂಟರು, ಆಟೋ, ಪಂಪ್‌ಸೆಟ್ಟಿಗೆ ಪಾಚಿ ಡೀಸೆಲ್ ಅನ್ನುವ ಮಾತನ್ನು ನಾನಂತೂ ಬಿಟ್ಟಿದ್ದೇನೆ. ವಿಮಾನದ ಮಾತು ಬೇರೆ. ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ಹೊರಡುವ ವಿಮಾನ ಬ್ಯಾಟರಿ ಮೇಲೆ ಹೋಗುವ ಕಾಲ ಸದ್ಯಕ್ಕಿಲ್ಲ, ಅದಕ್ಕೆ ಹಗುರವಾದ ದ್ರವ ಇಂಧನವೇ ಬೇಕು. ಅಂತರರಾಷ್ಟ್ರೀಯ ವಿಮಾನಗಳ ಇಂಧನದಲ್ಲಿ 2027ಕ್ಕೆ ಶೇ. 1, 2030ಕ್ಕೆ ಶೇ. 5 ಹಸಿರು ಇಂಧನ ಇರಬೇಕು ಅಂತ ಭಾರತ ಗುರಿ ಇಟ್ಟುಕೊಂಡಿದೆ. ಪಾಚಿಗೆ ಎಂದಾದರೂ ಜಾಗ ಸಿಕ್ಕರೆ ಅಲ್ಲಿ ಸಿಗಬೇಕು. ಆದರೆ ಆ ಸಾಲಿನಲ್ಲಿ ಕರಿದ ಎಣ್ಣೆ, ಎಥನಾಲ್ ಮುಂದೆ ನಿಂತಿವೆ, ಎರಡೂ ಪಾಚಿಗಿಂತ ಅಗ್ಗ.

ಹಾಗಂತ ಪಾಚಿ ಬೆಳೆದು ದುಡ್ಡು ಮಾಡುವವರು ಇಲ್ಲವೆಂದಲ್ಲ. ಸ್ಪಿರುಲಿನಾ ನೋಡಿ. ಅದು ಸುರುಳಿ ಎಳೆಯ ಹಾಗೆ ಉದ್ದ, ಬಟ್ಟೆಯಲ್ಲೇ ಸೋಸಬಹುದು. ಸೋಡಾದಂಥ ಕ್ಷಾರದ ನೀರಲ್ಲಿ ಬೆಳೆಯುವುದರಿಂದ ಬೇರೆ ಪಾಚಿ, ಹುಳಗಳ ಕಾಟವೂ ಕಡಿಮೆ. ಅಂದರೆ ನನ್ನ ಡ್ರಮ್ಮಿನ ಎರಡೂ ಕಷ್ಟ ಅದಕ್ಕಿಲ್ಲ. ಆದರೆ ಅದರಲ್ಲಿ ಎಣ್ಣೆ ಕಡಿಮೆ, ಪ್ರೋಟೀನ್ ಜಾಸ್ತಿ, ಮಾತ್ರೆ ಪುಡಿ ಮಾಡಿ ಮಾರುವ ಮಾಲು. ಇದರಲ್ಲೂ ಜಾಗ್ರತೆ ಬೇಕು. ಸಾಗರದ ಕಡೆಯ ನಮ್ಮ ನೆಂಟರೊಬ್ಬರು, ಬೆಳೆದದ್ದನ್ನೆಲ್ಲ ನಾವೇ ಕೊಳ್ಳುತ್ತೇವೆ ಅಂದ ಒಂದು ಕಂಪನಿಗೆ ತೊಟ್ಟಿ, ತಳಿ, ತರಬೇತಿ ಅಂತ ದುಡ್ಡು ಕಟ್ಟಿದರು. ಎರಡನೇ ಕೊಯ್ಲಿಗೆ ಫೋನ್ ಎತ್ತುವವರೇ ಇರಲಿಲ್ಲ. ಆ ತೊಟ್ಟಿಯಲ್ಲಿ ಈಗ ಕಾಟ್ಲಾ ಮೀನಿದೆ.

ಇನ್ನೊಂದು ಕಡೆ ಪಾಚಿ ನಿಜವಾಗಿ ಕೆಲಸ ಮಾಡುವುದು ಊರಿನ ಕೊಳಚೆ ನೀರಿನಲ್ಲಿ. ಅದರಲ್ಲಿ ಸಾರಜನಕ, ರಂಜಕ ಪುಕ್ಕಟೆ ಇದೆ. ಪಾಚಿ ಅದನ್ನು ತಿಂದು, ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಕೊಟ್ಟು, ನೀರನ್ನು ಅರ್ಧ ತೊಳೆದುಕೊಡುತ್ತದೆ. ನೀರು ಶುದ್ಧ ಮಾಡಿದ್ದಕ್ಕೆ ಕೂಲಿ ಸಿಕ್ಕಿದ ಮೇಲೆ ಪಾಚಿಯನ್ನು ಒದ್ದೆಯಾಗಿಯೇ ಗ್ಯಾಸ್ ಗುಂಡಿಗೆ ಹಾಕಿದರಾಯಿತು. ಇಂಧನ ಅಲ್ಲಿ ಮೇಲುಸಂಪಾದನೆ.

ಇದೆಲ್ಲ ಭಾವನಿಗೆ ಹೇಳಿದ್ದು ಈ ವರ್ಷ, ಮಳೆ ಹಿಡಿದ ಮೇಲೆ, ಜಗಲಿಯಲ್ಲಿ ಕೂತು. ಅವರ ಕೊಟ್ಟಿಗೆ ಪಕ್ಕ ಅಜೋಲಾ ಗುಂಡಿ ಇದೆ. ಅಜೋಲಾ ಪಾಚಿಯಲ್ಲ, ನೀರಲ್ಲಿ ತೇಲುವ ಜರಿಗಿಡ. ಅವರು ದಿನಾ ಬೆಳಿಗ್ಗೆ ಜರಡಿಯಲ್ಲಿ ಬಾಚಿ, ಝಾಡಿಸಿ, ಹಸುವಿಗೆ ಹಾಕುತ್ತಾರೆ. "ಇದನ್ನ ಸೋಸಕ್ಕೆ ಎಷ್ಟು ಕರೆಂಟು ಬೇಕು ಹೇಳು" ಅಂದರು. ಅಲ್ಲಿಗೆ ನಾನು ಇಷ್ಟುದ್ದ ಹೇಳಿದ್ದರ ಅರ್ಧ ಅವರೇ ಹೇಳಿದ ಹಾಗಾಯಿತು.

ಆಮೇಲೆ ಮೆಟ್ಟಿಲ ಕಡೆ ಕೈ ತೋರಿಸಿದರು. "ಹಂಗಿದ್ರೆ ಇದು? ಇದು ನೀರಲ್ಲಿಲ್ಲ, ಕಲ್ಲಿಗೆ ಅಂಟಿಕೊಂಡಿದೆ. ಕೆರೆದ್ರೆ ಬರ್ತದೆ."

ನಾನು ಒಂದು ಕ್ಷಣ ಸುಮ್ಮನಾದೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ 1980ರ ದಶಕದಲ್ಲಿ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಇಳಿಜಾರಿನಲ್ಲಿ ಬಲೆ ಹಾಸಿ, ಅದರ ಮೇಲೆ ಕೊಳೆ ನೀರು ಹರಿಸಿ, ಬಲೆಗೆ ಅಂಟಿದ ಪಾಚಿಯನ್ನು ಆಗಾಗ ಕೆರೆದು ತೆಗೆಯುವುದು. ಸಾವಿರಾರು ಲೀಟರ್ ಸೋಸುವ ಪ್ರಶ್ನೆಯೇ ಇಲ್ಲ. ಎಣ್ಣೆ ಕಡಿಮೆ, ಆದರೆ ಗ್ಯಾಸಿಗೆ, ಗೊಬ್ಬರಕ್ಕೆ ಆಗುತ್ತದೆ. ಅದನ್ನು ಹೇಳಿದೆ. ಬ್ಲೀಚಿಂಗ್ ಪೌಡರ್ ಹಾಕಿದರೆ ಗ್ಯಾಸ್ ಗುಂಡಿಯ ಸೂಕ್ಷ್ಮಜೀವಿ ಸಾಯುತ್ತವೆ, ಬರೀ ಕೆರೆಯಬೇಕು ಅಂತಲೂ ಹೇಳಿದೆ.

ಮಾರನೇ ದಿನ ಅವರು ಗುದ್ದಲಿ ಅಂಚಿನಲ್ಲಿ ಮೆಟ್ಟಿಲು, ಬಾವಿಕಟ್ಟೆ, ಅಂಗಳದ ಅಂಚು ಎಲ್ಲ ಕೆರೆದರು. ಮಣ್ಣು ಸೇರಿ ಅರ್ಧ ಬಕೆಟ್ ಬಂತು, ಗೋಬರ್ ಗ್ಯಾಸಿಗೆ ಸುರಿದರು. ಗ್ಯಾಸ್ ಜಾಸ್ತಿ ಬಂತಾ ಅಂತ ವಾರ ಬಿಟ್ಟು ಫೋನ್ ಮಾಡಿ ಕೇಳಿದೆ. "ಗೊತ್ತಾಗ್ಲಿಲ್ಲ ಮಾರಾಯಾ, ಅದೇ ವಾರ ಗೌರಿ ಕರು ಹಾಕಿದ್ಲು, ಸೆಗಣಿ ಲೆಕ್ಕವೇ ತಪ್ಪಿಹೋಯ್ತು. ಮೆಟ್ಟಿಲು ಮಾತ್ರ ಜಾರ್ತಿಲ್ಲ" ಅಂದರು.